ಮಗಳ ದವಡೆಯ ಅಚ್ಚು

ನಾನು ಬಡಗಿ. ಸಿದ್ದಾಪುರ ಪೇಟೆ ದಾಟಿ ಬಿಳಗಿಯ ಕಡೆ ಹೋಗುವ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡಿದೆ. ಬಾಗಿಲು, ಕಿಟಕಿ, ದಾರಂದ, ಅಪರೂಪಕ್ಕೊಂದು ದೇವರ ಮಂಟಪ, ಇಷ್ಟೇ ನನ್ನ ಕೆಲಸ. ಮಗಳು ಬಿದ್ದದ್ದು ಆ ಶೆಡ್ಡಿನಲ್ಲೇ. ಆಗ ಅವಳಿಗೆ ಐದು ವರ್ಷ. ಒಣಗಲಿ ಎಂದು ಒಂದರ ಮೇಲೊಂದು ಅಟ್ಟಿ ಹಾಕಿದ್ದ ಹಲಸಿನ ಹಲಗೆಗಳ ಮೇಲೆ ಹತ್ತಿ ಕೂತಿದ್ದಳು. ನಾನು ತಲೆ ಎತ್ತಿ ನೋಡಿದವನೇ "ಇಳಿಯೇ ಕೆಳಗೆ!" ಎಂದು ಗದರಿದೆ. ಅವಳು ಗಡಬಡಿಸಿ ಇಳಿಯಲು ಹೋಗಿ, ಗದ್ದ ಮುಂದಾಗಿ ಸಿಮೆಂಟು ನೆಲಕ್ಕೆ ಬಿದ್ದಳು.

ಗದ್ದದ ಕೆಳಗೆ ಸೀಳಿತ್ತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಎಡಗಿವಿಯ ಮುಂದೆ ಒಂದಿಷ್ಟು ಬಾತಿತ್ತು, ವಾರದೊಳಗೆ ಅದೂ ಇಳಿಯಿತು. ಹೊಲಿಗೆ ಬಿಚ್ಚಿದ ದಿನ ಪೇಟೆಯಲ್ಲಿ ಅವಳಿಗೆ ಐಸ್ ಕ್ಯಾಂಡಿ ಕೊಡಿಸಿ, ಅಲ್ಲಿಗೆ ಆ ಸಂಗತಿ ಮುಗಿಯಿತು ಎಂದುಕೊಂಡೆವು. ಗದ್ದಕ್ಕೆ ಬಿದ್ದ ಪೆಟ್ಟು ಎಲುಬಿನೊಳಗೇ ಹಾದುಹೋಗಿ ಕಿವಿಯ ಮುಂದಿನ ಕೀಲನ್ನು ಒಡೆದಿರುತ್ತದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಮೊದಲು ಕಂಡದ್ದು ನನ್ನ ಹೆಂಡತಿಗೆ. ವರ್ಷ ಕಳೆದಿತ್ತೇನೋ. ಮಗಳು ದೋಸೆಯನ್ನು ಚೂರುಚೂರು ಹರಿದು ತುಟಿಯ ಸಂದಿಯಲ್ಲಿ ತುರುಕುತ್ತಿದ್ದಳು.

"ಎಂತ ಹಾಗೆ ತಿಂತೀ? ಬಾಯಿ ಬಿಡು ನೋಡ್ವ" ಎಂದಳು ಹೆಂಡತಿ.

ಮಗಳು ಬಾಯಿ ಬಿಟ್ಟಳು. ಹಲ್ಲುಗಳ ನಡುವೆ ಕಿರುಬೆರಳೂ ಹೋಗುವಂತಿರಲಿಲ್ಲ.

"ಸರಿ ಮಾಡಿ ಬಿಡೇ."

"ಇಷ್ಟೇ ಬರೂದು ಆಯಿ."

ಅವಳು ಆಟಕ್ಕೆ ಹಾಗೆ ಮಾಡುತ್ತಿದ್ದಾಳೆ ಎಂದು ನಾನು ನಕ್ಕದ್ದು ನೆನಪಿದೆ. ಎರಡು ದಿನ ಕಳೆದ ಮೇಲೆ ನಗು ಬರಲಿಲ್ಲ. ಶಿರಸಿಯ ಹಲ್ಲಿನ ಡಾಕ್ಟರು ಎಕ್ಸ್‌ರೇ ಹಿಡಿದು, ಮುರಿದ ಕೀಲು ಕೂಡಿಕೊಳ್ಳುವಾಗ ಕೆಳಗಿನ ಎಲುಬೂ ಮೇಲಿನ ತಲೆಬುರುಡೆಯೂ ಒಂದಾಗಿಬಿಟ್ಟಿವೆ ಎಂದು ತೋರಿಸಿದರು. ಕೀಲು ಇದ್ದಲ್ಲಿ ಈಗ ಒಂದು ಎಲುಬಿನ ಗಂಟು. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ, ದವಡೆಯ ಎಡಭಾಗ ಬೆಳೆಯುವುದಿಲ್ಲ, ಮುಖ ಆ ಕಡೆ ವಾಲುತ್ತದೆ ಎಂದರು. ಅವರು ಹೇಳಿದ್ದೆಲ್ಲ ಒಂದೊಂದಾಗಿ ಆಯಿತು.

ಮೊದಲ ಆಪರೇಷನ್ ಅವಳ ಒಂಬತ್ತನೆಯ ವಯಸ್ಸಿಗೆ. ಆಗ ಅಚ್ಚು ಗಿಚ್ಚು ಏನೂ ಇರಲಿಲ್ಲ. ವಯಸ್ಸಾದ ಡಾಕ್ಟರೊಬ್ಬರು ಕಿವಿಯ ಮುಂದೆ ಕೊಯ್ದು ಗಂಟನ್ನು ತೆಗೆದುಹಾಕಿದರು. ಬಾಯಿ ಮೂರು ಬೆರಳು ತೆರೆಯಿತು. ಕಳಿಸುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನ ಕೆಲಸ ಮುಗಿಯಿತು. ಇನ್ನು ನಿಮ್ಮದು. ದಿನಕ್ಕೆ ಹತ್ತು ಸಲ ಬಾಯಿ ಅಗಲಿಸಬೇಕು. ಅವಳು ಅಳುತ್ತಾಳೆ, ನೀವು ಬಿಡಬಾರದು" ಎಂದರು.

ಶಿವಣೆ ಮರದ ತುಂಡೊಂದನ್ನು ತಿರುಗಣಿಗೆ ಕೊಟ್ಟು, ತುದಿ ಸಪೂರ, ಬುಡ ದಪ್ಪ ಇರುವ ಒಂದು ಬೆಣೆ ಮಾಡಿದೆ. ನುಣುಪಾಗಿ ಉಜ್ಜಿ, ನೀರಲ್ಲಿ ಕುದಿಸಿದೆ. ಅದನ್ನು ಹಲ್ಲುಗಳ ನಡುವೆ ಇಟ್ಟು ಒಳಕ್ಕೆ ಒತ್ತಬೇಕು. ಹೆಂಡತಿ ತಲೆ ಹಿಡಿಯುವುದು, ನಾನು ಒತ್ತುವುದು. ಮರಕ್ಕೆ ಎಷ್ಟು ಒತ್ತು ಕೊಟ್ಟರೆ ಸೀಳುತ್ತದೆ ಎಂದು ಬಲ್ಲ ಕೈ ನನ್ನದು, ಮಗಳ ಬಾಯಿಯಲ್ಲಿ ಬೆಣೆಯನ್ನು ಅರ್ಧಕ್ಕೇ ಹಿಂದಕ್ಕೆ ತೆಗೆಯುತ್ತಿದ್ದೆ. ಅವಳಿಗೆ ಕೂಗಲೂ ಆಗುತ್ತಿರಲಿಲ್ಲ, ಬಾಯಿಯಲ್ಲಿ ಬೆಣೆ ಇತ್ತಲ್ಲ. ಕಣ್ಣಿನಿಂದ ಸುಮ್ಮನೆ ನೀರು ಇಳಿಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ನಾನು "ಇವತ್ತೊಂದಿನ ಬಿಡೇ" ಎನ್ನಲು ಶುರುಮಾಡಿದೆ.

"ಡಾಕ್ಟ್ರು ಎಂತ ಹೇಳೀರು? ಮರೆತೋಯ್ತಾ ನಿಮಗೆ?" ಎನ್ನುತ್ತಿದ್ದಳು ಹೆಂಡತಿ.

"ಜ್ವರ ಬಂದಂಗೆ ಕಾಣ್ತದೆ ಮಾರಾಯ್ತಿ. ನಾಳೆ ಮಾಡ್ವ."

ಹತ್ತು ಸಲ ಆರಾಯಿತು, ಆರು ಎರಡಾಯಿತು. ಕೊನೆಗೆ ನಾನು ಶೆಡ್ಡಿಗೆ ಹೋದ ಮೇಲೆ ಹೆಂಡತಿ ಒಬ್ಬಳೇ ಮಾಡುತ್ತಿದ್ದಳು, ಮಗಳು ಅವಳ ಕೈ ಕಚ್ಚಿ ತಪ್ಪಿಸಿಕೊಂಡು ನನ್ನ ಹತ್ತಿರ ಓಡಿಬರುತ್ತಿದ್ದಳು. ನಾನು ಅವಳನ್ನು ಅಡಗಿಸಿ ಇಟ್ಟುಕೊಳ್ಳುತ್ತಿದ್ದೆ. ಒಂದೂವರೆ ವರ್ಷದಲ್ಲಿ ಬಾಯಿ ಮತ್ತೆ ಮುಚ್ಚಿತು. ಈ ಸಲದ ಗಂಟು ಮೊದಲಿನದಕ್ಕಿಂತ ದೊಡ್ಡದು.

ಹೆಂಡತಿ ಆಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಆರೇಳು ವರ್ಷ ಮಗಳು ಹಾಗೆಯೇ ಬೆಳೆದಳು. ಗಂಜಿ, ಅಂಬಲಿ, ಮಿಕ್ಸಿಯಲ್ಲಿ ಅರೆದ ಅನ್ನ ಸಾರು. ಮೇಲಿನ ಹಲ್ಲಿನ ಸಾಲಿನಲ್ಲಿ ಒಂದು ಕಡೆ ಸಂದಿ ಇತ್ತು, ಅಲ್ಲಿಂದ ಬೆರಳಲ್ಲಿ ತಳ್ಳಿ ತಳ್ಳಿ ತಿನ್ನುತ್ತಿದ್ದಳು. ಮದುವೆಮನೆ ಊಟಕ್ಕೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಓರೆಗದ್ದ ಎಂದು ಕರೆದ ಹುಡುಗಿಗೆ ಪಾಟಿಯಲ್ಲಿ ಹೊಡೆದು ಬಂದಿದ್ದಳು. ಮಾತು ಮಾತ್ರ ಸ್ಪಷ್ಟ. ಹಲ್ಲು ಕಚ್ಚಿಕೊಂಡೇ ಮಾತಾಡಬೇಕು, ಆದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಫೋನಿನಲ್ಲಿ ಕೇಳಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮತ್ತೊಂದು ಆಪರೇಷನ್ ಮಾತು ತೆಗೆದರೆ ಹೆಂಡತಿ ಎದ್ದುಹೋಗುತ್ತಿದ್ದಳು. ನನಗೂ ಧೈರ್ಯವಿರಲಿಲ್ಲ.

ಅವಳಿಗೆ ಹದಿನೇಳು ಆದ ವರ್ಷ, ಯಲ್ಲಾಪುರದ ಹತ್ತಿರ ನಂದೊಳ್ಳಿಯಲ್ಲಿರುವ ಹೆಂಡತಿಯ ತವರಿಗೆ ಹೋಗಿದ್ದೆವು. ಮಧ್ಯಾಹ್ನ ಉಂಡು ಮಗಳು ಜಗಲಿಯಲ್ಲಿ ಮಲಗಿದ್ದಳು, ಗೊರಕೆ ಹೊಡೆಯುತ್ತಿದ್ದಳು. ನನ್ನ ಭಾವ ಎಲೆಯಡಿಕೆ ಹಾಕುತ್ತ ಪಕ್ಕದಲ್ಲಿ ಕೂತವನು, ಬಾಯಲ್ಲಿದ್ದದ್ದನ್ನು ಉಗಿದು ಬಂದು ನನ್ನನ್ನು ಕರೆದ.

"ಭಾವಾ, ಇಲ್ಲಿ ಬಾ. ಈ ಹುಡುಗಿ ಉಸಿರು ನಿಲ್ತದೆ ನೋಡು."

ನಿಂತು ನೋಡಿದೆವು. ಗೊರಕೆ ಒಮ್ಮೆಲೇ ನಿಂತಿತು. ಎದೆ ಏಳುತ್ತಿತ್ತು, ಗಂಟಲಲ್ಲಿ ಗಾಳಿ ಇಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತರವರೆಗೆ ಹೋದ ಮೇಲೆ ಮುಳುಗಿದವರು ನೀರಿನಿಂದ ಮೇಲೆ ಬಂದಂತೆ ಒಮ್ಮೆ ಎಳೆದುಕೊಂಡು ಹೊರಳಿದಳು. ಎಚ್ಚರವೂ ಆಗಲಿಲ್ಲ. ದವಡೆ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬೀಳುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಅದೆಷ್ಟು ಕಾಲದಿಂದ ಹಾಗೆ ಆಗುತ್ತಿತ್ತೋ, ಅದನ್ನು ನಾವು ಗೊರಕೆ ಎಂದೇ ತಿಳಿದಿದ್ದೆವು.

ಅಲ್ಲಿಂದ ಶಿರಸಿ, ಶಿರಸಿಯಿಂದ ಬಯಲುಸೀಮೆಯ ಒಂದು ದೊಡ್ಡ ಆಸ್ಪತ್ರೆ. ಅಲ್ಲಿದ್ದವರು ಒಬ್ಬ ಡಾಕ್ಟರಮ್ಮ. ನನಗಿಂತ ಚಿಕ್ಕ ವಯಸ್ಸಿನವರು, ಧಾರವಾಡದ ಕಡೆಯ ಮಾತು. ಅವರ ಬಗ್ಗೆ ನನಗೆ ಇವತ್ತಿಗೂ ಒಂದು ಕೆಟ್ಟ ಮಾತಿಲ್ಲ. ಯುಗಾದಿ ಕಳೆದ ವಾರ ಮಗಳ ತಲೆಯನ್ನು ಸ್ಕ್ಯಾನ್ ಮಾಡಿಸಿದರು. ಈ ಸಲ ಗಂಟನ್ನು ಬರೀ ತೆಗೆದು ಬಿಡುವುದಲ್ಲ, ಅಲ್ಲಿ ಅವಳದೇ ಅಳತೆಗೆ ಮಾಡಿಸಿದ ಲೋಹದ ಕೀಲು ಕೂರಿಸುವುದು, ಜೊತೆಗೆ ದವಡೆಯನ್ನು ಮುಂದಕ್ಕೆ ತರುವುದು ಎಂದರು.

"ಪ್ರಾಯಕ್ಕ ಬರೋ ಮಕ್ಕಳಿಗೆ ಸಾಮಾನ್ಯವಾಗಿ ಇದನ್ನ ಹಾಕೂದಿಲ್ರೀ. ಆದ್ರ ಆಕಿ ಉಸರು ನೋಡಿದ್ರ ಬ್ಯಾರೆ ದಾರಿ ಇಲ್ಲ" ಎಂದು ಮೊದಲೇ ಹೇಳಿದ್ದರು.

ಮೂರು ತಿಂಗಳಿಗೆ ಕರೆ ಬಂತು. ನಾವು ಮೂವರೂ ಹೋದೆವು. ಡಾಕ್ಟರಮ್ಮ ಒಂದು ಡಬ್ಬಿ ತೆರೆದು ಒಳಗಿದ್ದದ್ದನ್ನು ನನ್ನ ಅಂಗೈಯಲ್ಲಿಟ್ಟರು. ಅದು ಮಗಳ ದವಡೆ. ಸ್ಕ್ಯಾನಿನ ಲೆಕ್ಕದ ಮೇಲೆ ಮಷೀನಿನಲ್ಲಿ ಎಳೆ ಎಳೆಯಾಗಿ ಪ್ಲಾಸ್ಟಿಕ್ ಕೂರಿಸಿ ಮುದ್ರಿಸಿದ್ದು. ಹಲ್ಲಿನ ಸಾಲು, ಎಡಕ್ಕೆ ವಾಲಿದ ಗದ್ದ, ಎಲ್ಲ ಹಾಗೇ ಇತ್ತು. ಕಿವಿಯ ಕಡೆ ಮರದ ಬೊಡ್ಡೆಯ ಗಂಟಿನಂತೆ ಒಂದು ಉಂಡೆ. ಹನ್ನೆರಡು ವರ್ಷ ಚರ್ಮದ ಒಳಗಿದ್ದು ನಮ್ಮನ್ನು ಕಾಡಿದ್ದು ಅದು. ಹೆಬ್ಬೆರಳಲ್ಲಿ ಮುಟ್ಟಿ ನೋಡಿದೆ.

ಮಗಳು ಕೈ ಚಾಚಿದಳು. ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಸಣ್ಣದಾ ನಂದು?" ಎಂದಳು.

ಡಬ್ಬಿಯಲ್ಲಿ ಇನ್ನೆರಡು ತುಂಡುಗಳಿದ್ದವು, ಒಂದೊಂದು ಹೆಬ್ಬೆರಳಿನಷ್ಟು. ಡಾಕ್ಟರಮ್ಮ ಅವನ್ನು ಗೈಡ್ ಎಂದರು, ಒಂದು ಕೆಳಗಿನ ದವಡೆಗೆ, ಒಂದು ಮೇಲಿನ ತಲೆಬುರುಡೆಗೆ. ಒಂದನ್ನು ಆ ಪ್ಲಾಸ್ಟಿಕ್ ದವಡೆಯ ಮೇಲೆ ಇಟ್ಟು ಒತ್ತಿದರು. ಟಕ್ ಎಂದು ಕೂತಿತು. ಬೇರೆ ಎಲ್ಲಿಟ್ಟರೂ ಕೂರಲಿಲ್ಲ. ಅದರಲ್ಲಿ ಒಂದು ಸೀಳು, ನಾಲ್ಕು ತೂತು.

"ನೋಡ್ರಿ, ಇದು ಎಲುಬಿನ ಮ್ಯಾಲೆ ಹಿಂಗ ಕೂಡ್ತದ. ಗರಗಸ ಈ ಸೀಳಿನಾಗ ಮಾತ್ರ ಹೋಗಬೇಕು. ಡ್ರಿಲ್ ಈ ತೂತಿನಾಗ ಮಾತ್ರ. ಈ ತೂತಿಗೇ ಆಮ್ಯಾಲೆ ಕೀಲಿನ ಸ್ಕ್ರೂ ಬರ್ತಾವ. ಈ ಗಂಟಿನ ಹಿಂದ ದೊಡ್ಡ ರಕ್ತನಾಳ, ಮ್ಯಾಲೆ ಮೆದುಳಿನ ಪದರ. ಕಣ್ಣಂದಾಜಿನ ಮ್ಯಾಲೆ ಕೊಯ್ಯೋದಕ್ಕೂ ಇದಕ್ಕೂ ಭಾಳ ಫರಕ್ ಅದ."

ನನಗೆ ಅವರು ಇನ್ನೊಂದು ಮಾತು ಹೇಳಬೇಕಿರಲಿಲ್ಲ. ಮೂವತ್ತು ಬಾಗಿಲಿಗೆ ಒಂದೇ ಥರ ಬೀಗ ಕೂರಿಸುವುದಿದ್ದರೆ ನಾವೂ ಮೊದಲು ಒಂದು ಅಚ್ಚು ಮಾಡಿಕೊಳ್ಳುತ್ತೇವೆ. ಅಚ್ಚನ್ನು ಇಟ್ಟು ತೂತು ಹೊಡೆದರೆ ಕೈ ತಪ್ಪುವುದಿಲ್ಲ. ಹಾಗೆಂದು ಹೇಳಿದೆ. ಡಾಕ್ಟರಮ್ಮನಿಗೆ ಸಂತೋಷವಾಯಿತು. "ಹಂಗಾದ್ರ ನಿಮಗ ನನಕಿಂತ ಛಲೋ ಗೊತ್ತು" ಎಂದು ನಕ್ಕರು. ಹೊರಗೆ ಬಂದ ಮೇಲೆ ಹೆಂಡತಿ ಎಷ್ಟೋ ವರ್ಷಗಳ ನಂತರ ನನ್ನ ಕೈ ಹಿಡಿದುಕೊಂಡಳು.

ಆಪರೇಷನ್ನಿಗೆ ಕೊಟ್ಟ ದಿನ ಹದಿನೈದು ದಿವಸದ ಮೇಲಿತ್ತು. ಅದನ್ನು ಮುಂದೆ ಹಾಕಿಸಿದವನು ನಾನು. ಮನ್ಮನೆ ಎಂಬ ಊರಿನಲ್ಲಿ ಒಂದು ಹೊಸ ಮನೆಯ ಬಾಗಿಲು ಕಿಟಕಿಯೆಲ್ಲ ನನ್ನ ಕೈಯಲ್ಲಿತ್ತು, ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಮಾತು ಕೊಟ್ಟವನು ನಾನು, ಇನ್ನೊಬ್ಬರ ಕೈಗೆ ಬಿಡುವುದು ಹೇಗೆ ಎಂದುಕೊಂಡೆ. ಹನ್ನೆರಡು ವರ್ಷ ಕಾದದ್ದಾಯಿತು, ಇನ್ನೊಂದು ತಿಂಗಳು ಕಾದರೆ ಎಂತ ಆಗುತ್ತದೆ ಎಂದೂ ಅಂದುಕೊಂಡೆ. ಡಾಕ್ಟರಮ್ಮ ಫೋನಿನಲ್ಲಿ "ಭಾಳ ತಡಾ ಮಾಡಬ್ಯಾಡ್ರಿ, ಬೆಳೆಯೋ ಹುಡುಗಿ" ಎಂದಿದ್ದರು. ಹೂಂ ಎಂದಿದ್ದೆ.

ಮನ್ಮನೆಯ ಬಾಗಿಲುಗಳೆಲ್ಲ ಕೂತವು, ಚೆನ್ನಾಗಿಯೇ ಕೂತವು. ಆ ವಾರವೇ ಮಗಳಿಗೆ ಜ್ವರ ಬಂತು. ಡೆಂಗಿ. ಶಿರಸಿಯಲ್ಲಿ ಒಂಬತ್ತು ದಿನ ಮಲಗಿದಳು. ಬಾಯಿ ಬಿಡಲಾಗದವಳಿಗೆ ವಾಂತಿ ಬಂದರೆ ಏನಾಗುತ್ತದೆ ಎಂದು ಹೇಳುವುದು ಬೇಡ, ಹೆಂಡತಿ ಒಂಬತ್ತು ದಿನವೂ ಅವಳನ್ನು ಮಗ್ಗುಲಾಗಿಯೇ ಮಲಗಿಸಿ ಕೂತಿದ್ದಳು. ಜ್ವರ ಬಿಟ್ಟ ಮೇಲೆ ಮೈಯಲ್ಲಿ ರಕ್ತವಿಲ್ಲ. ಮೈ ಸುಧಾರಿಸುವವರೆಗೆ ಅರಿವಳಿಕೆ ಕೊಡುವುದಿಲ್ಲ ಎಂದರು. ಹಾಗೂ ಹೀಗೂ ದೀಪಾವಳಿ ಕಳೆಯಿತು. ಯುಗಾದಿಯಲ್ಲಿ ತೆಗೆದ ಅಳತೆಗೆ ಆಗ ಏಳು ತಿಂಗಳು ದಾಟಿತ್ತು.

ಆಪರೇಷನ್ನಿಗೆ ಎರಡು ದಿನ ಮೊದಲು ಬಂದು ಸೇರಿಕೊಳ್ಳಲು ಹೇಳಿದ್ದರು. ಬಂದ ದಿನವೇ ಮತ್ತೊಂದು ಸ್ಕ್ಯಾನ್ ಮಾಡಿದರು. ಸಂಜೆಯ ಮುಂಚೆ ಡಾಕ್ಟರಮ್ಮ ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆಸಿದರು. ಹೆಂಡತಿ ಮಗಳ ಜೊತೆ ವಾರ್ಡಿನಲ್ಲಿದ್ದಳು. ಕಂಪ್ಯೂಟರಿನಲ್ಲಿ ಎರಡು ತಲೆಬುರುಡೆ ಒಂದರ ಮೇಲೊಂದು ಇಟ್ಟಂತೆ ಕಾಣುತ್ತಿತ್ತು, ಒಂದು ಬಿಳಿ, ಒಂದು ಹಸಿರು.

"ಬಿಳೇದು ಹಳೇ ಸ್ಕ್ಯಾನು, ಹಸರು ಇವತ್ತಿಂದು. ಎಲ್ಲಾ ಕಡೆ ಒಂದ ಅದ. ಇಲ್ಲಿ ಮಾತ್ರ ನೋಡ್ರಿ."

ಕಿವಿಯ ಮುಂದೆ, ಗಂಟಿನ ಮೇಲ್ಭಾಗದಲ್ಲಿ, ಹಸಿರು ಹೊರಗೆ ಇಣುಕಿತ್ತು. ಒಂದು ಉಗುರಿನ ದಪ್ಪ ಇದ್ದೀತು.

"ಎಲುಬು ಬೆಳದದ. ಭಾಳ ಇಲ್ಲ. ಕೆಳಗಿನ ಗೈಡ್ ಕೂಡ್ತದ. ಮ್ಯಾಲಿಂದು ಕೂಡ್ತದೋ ಇಲ್ಲೋ ಹೇಳಾಕ ಬರೂದಿಲ್ಲ."

"ಕೂರದಿದ್ರೆ?"

"ಅಲ್ಲಿ ಎಲುಬು ಕೆತ್ತಿ ಕೂಡಸಬೇಕಾಗ್ತದ, ಕೈ ಅಂದಾಜಿನ ಮ್ಯಾಲೆ. ಇಲ್ಲಾಂದ್ರ ಈಗ ನಿಲ್ಲಸೋಣು. ಹೊಸಾ ಅಳತಿ, ಹೊಸಾ ಗೈಡ್, ಹೊಸಾ ಕೀಲು. ಮತ್ತ ಮೂರು ತಿಂಗಳು. ಆಕಿ ಉಸರಿನ ತ್ರಾಸು ನೋಡಿದ್ರ ಕಾಯೋದೂ ಛಲೋ ಅಲ್ಲ. ಎರಡರಾಗೂ ತೊಂದ್ರಿ ಅದ, ನಾ ಖರೇ ಹೇಳಾಕತ್ತೀನಿ. ಮನಿಯವರ ಜೋಡಿ, ಮಗಳ ಜೋಡಿ ಮಾತಾಡ್ರಿ. ನಾಳೆ ಮುಂಜಾನೆ ಹೇಳ್ರಿ."

ನಾಳೆ ಮುಂಜಾನೆಯವರೆಗೆ ನನಗೆ ಸಮಯವಿತ್ತು. ವಾರ್ಡು ಅಲ್ಲಿಂದ ಒಂದು ಮೊಗಸಾಲೆ ದಾಟಿದರೆ ಸಿಗುತ್ತಿತ್ತು. ನಾನು ಕುರ್ಚಿಯಿಂದ ಏಳಲೇ ಇಲ್ಲ. "ಮಾಡಿಬಿಡಿ ಮೇಡಂ" ಎಂದೆ.

ಯಾಕೆ ಹಾಗೆಂದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಉಸಿರು ನಿಲ್ಲುವುದು ಒಂದು ಕಾರಣ, ಅದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ನಾಚಿಕೆ. ಇನ್ನೂ ಮೂರು ತಿಂಗಳು ಎಂದರೆ ಹೆಂಡತಿ ಎಂತಕ್ಕೆ ಎಂದು ಕೇಳುತ್ತಾಳೆ. ಅಚ್ಚು ಹಳತಾಯಿತು ಎನ್ನಬೇಕು. ಯಾರಿಂದ ಹಳತಾಯಿತು? ಮನ್ಮನೆಯ ಬಾಗಿಲಿನ ಸುದ್ದಿ ಬರುತ್ತದೆ. ಮೊದಲಿನ ಸಲ ಕನಿಕರಪಟ್ಟು ಕೆಡಿಸಿದ್ದೆ, ಈ ಸಲ ಗಟ್ಟಿ ಮನಸ್ಸು ಮಾಡಬೇಕು ಎಂಬ ಹಟವೂ ಇತ್ತು. ನನ್ನ ಶೆಡ್ಡಿನಲ್ಲಾಗಿದ್ದರೆ, ಮಳೆಗಾಲಕ್ಕೆ ಮೊದಲು ತೆಗೆದ ಅಳತೆಗೆ ಮಳೆಗಾಲದ ನಂತರ ಮರ ಕೊಯ್ಯುವವನಲ್ಲ ನಾನು. ಒಂದು ಕಿಟಕಿಗೂ ಹಾಗೆ ಮಾಡಿದವನಲ್ಲ.

ವಾರ್ಡಿಗೆ ಹೋದಾಗ ಹೆಂಡತಿ ಕೇಳಿದಳು, "ಎಂತ ಹೇಳೀರು?"

"ಎಲ್ಲ ಸರಿ ಅದೆ ಅಂದ್ರು" ಎಂದೆ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ಬಾಯಿ ತೆರೆಯದವಳಿಗೆ ಮೂಗಿನಿಂದ ಕೊಳವೆ ಇಳಿಸಬೇಕು, ಎಚ್ಚರ ಇರುವಾಗಲೇ. ಅದನ್ನು ತಡೆದುಕೊಳ್ಳುವುದು ಕಷ್ಟ ಎಂದು ಅವಳಿಗೂ ಹೇಳಿದ್ದರು. ತಳ್ಳುಗಾಡಿಯಲ್ಲಿ ಮಲಗಿದವಳು ನಮ್ಮ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದಳು. ಹತ್ತು ಗಂಟೆ ಕಾದೆವು. ಹೆಂಡತಿ ಬೆಂಚಿನಲ್ಲಿ ಕೂತು ಒಂದೇ ಸಮನೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಮನೆಯಿಂದ ಹತ್ತಿ ತಂದಿದ್ದಳು.

ಡಾಕ್ಟರಮ್ಮ ಹೊರಗೆ ಬಂದಾಗ ಅವರ ಹಣೆಯ ಮೇಲೆ ಟೋಪಿಯ ಗೆರೆ ಕೆಂಪಗೆ ಮೂಡಿತ್ತು. "ಆರಾಮ ಇದ್ದಾಳ್ರಿ. ಕೀಲು ಕೂಡಿಸೇವಿ. ಬಾಯಿ ತೆರದದ" ಎಂದರು. ಹೆಂಡತಿ ಕೈಮುಗಿದು ಅಳಲು ಶುರುಮಾಡಿದಳು. ಡಾಕ್ಟರಮ್ಮ ನನ್ನನ್ನು ಕಣ್ಣಿನಲ್ಲೇ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು. "ಮ್ಯಾಲಿನ ಗೈಡ್ ಕೂಡಲಿಲ್ಲ. ಕೆತ್ತಿ ಕೆತ್ತಿ ಕೂಡಸಬೇಕಾತು. ಅದಕ್ಕ ತಡಾ ಆತು. ಮುಖದ ನರ ಭಾಳ ಹೊತ್ತು ಎಳದು ಹಿಡೀಬೇಕಾಗಿತ್ತು. ನೋಡೋಣ."

ಒಂದು ಸುಖದ ದಿನ ಇಲ್ಲಿದೆ, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ಐದನೆಯ ದಿನ ಮುಖದ ಪಟ್ಟಿ ಬಿಚ್ಚಿದರು. ಗದ್ದ ನಡುವಿಗೆ ಬಂದಿತ್ತು. ನರ್ಸಮ್ಮ ಕನ್ನಡಿ ಕೊಟ್ಟರು. ಮಗಳು ಮೆಲ್ಲಗೆ ಬಾಯಿ ತೆರೆದಳು, ಇನ್ನೂ ತೆರೆದಳು, ಆಮೇಲೆ ನಾಲಿಗೆ ಹೊರಗೆ ಚಾಚಿದಳು. ಬುದ್ಧಿ ಬಂದ ಮೇಲೆ ಅವಳು ತನ್ನ ನಾಲಿಗೆಯನ್ನು ಸರಿಯಾಗಿ ನೋಡಿದ್ದೇ ಇಲ್ಲ. ಕನ್ನಡಿಗೆ ಅಣಕಿಸಿದಳು, ನನಗೆ ಅಣಕಿಸಿದಳು, ಪಕ್ಕದ ಮಂಚದ ಅಜ್ಜಿಗೂ ಅಣಕಿಸಿದಳು. ಅಜ್ಜಿ "ಏ ಹುಚ್ಚಿ!" ಎಂದು ನಕ್ಕಳು. ಮಗಳೂ ನಕ್ಕಳು. ನಗುವಾಗ ಬಲಗೆನ್ನೆ ಮಾತ್ರ ಮೇಲೆ ಹೋಯಿತು. ಎಡಗಣ್ಣು ಮುಚ್ಚಲಿಲ್ಲ.

ಆರು ತಿಂಗಳಲ್ಲಿ ನರ ತಿರುಗಿ ಬರಬಹುದು ಎಂದರು. ಬಂದಷ್ಟು ಬಂತು, ತುಟಿ ಸರಿಹೋಯಿತು. ಕಣ್ಣಿನ ರೆಪ್ಪೆ ಬರಲಿಲ್ಲ. ಮಲಗುವಾಗ ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆಯನ್ನು ಟೇಪಿನಿಂದ ಅಂಟಿಸಬೇಕಿತ್ತು.

ಮನೆಗೆ ಬಂದ ಮೇಲೆ ವ್ಯಾಯಾಮ ಒಂದು ಹೊತ್ತೂ ತಪ್ಪಲಿಲ್ಲ. ಈ ಸಲ ಅವಳೇ ಮಾಡಿಕೊಳ್ಳುತ್ತಿದ್ದಳು, ಗಡಿಯಾರ ನೋಡಿಕೊಂಡು. ನಾನು ಎದುರು ಕೂರುತ್ತಿದ್ದೆ. ಎರಡು ಬೆರಳು, ಎರಡೂವರೆ ಬೆರಳು. ಮಲಗಿದರೆ ಉಸಿರು ನಿಲ್ಲುತ್ತಿರಲಿಲ್ಲ. ಬಾಳೆಹಣ್ಣನ್ನು ಸುಲಿದು ಕಚ್ಚಿ ತಿಂದಳು. ದೋಸೆಯನ್ನು ಸುರುಳಿ ಸುತ್ತಿ ತಿಂದಳು. ಒಂದು ದಿನ ಕಾಲೇಜಿನಿಂದ ಬರುವಾಗ ಗೆಳತಿಯರ ಜೊತೆ ಅಂಗಡಿಯಲ್ಲಿ ಗೋಬಿ ತಿಂದು ಬಂದಿದ್ದಳು. ಅವಳ ಆಯಿ ಖಾರ ಜಾಸ್ತಿ ಎಂದು ಬೈದರೆ, "ಬೈ ಆಯಿ, ಬೈ" ಎಂದು ಕುಣಿದಳು.

ಐದನೆಯ ತಿಂಗಳು ಕಿವಿಯ ಮುಂದೆ ಸಣ್ಣ ಗುಳ್ಳೆಯಂತೆ ಎದ್ದಿತು. ಎರಡು ದಿನದಲ್ಲಿ ಅದು ಒಡೆದು ನೀರಿನಂಥ ಕೀವು ಬಂತು. ಆಸ್ಪತ್ರೆಗೆ ಓಡಿದೆವು. ಔಷಧಿ, ಇಂಜೆಕ್ಷನ್, ಒಳಗೆ ತೊಳೆಯುವುದು, ಎಲ್ಲ ಎರಡು ತಿಂಗಳು ನಡೆಯಿತು. ಕೊನೆಗೆ ಎಕ್ಸ್‌ರೇಯಲ್ಲಿ ಕೀಲಿನ ಮೇಲಿನ ತುಂಡಿನ ಸ್ಕ್ರೂಗಳು ಸಡಿಲಾದದ್ದು ಕಂಡಿತು.

"ತಗೀಬೇಕ್ರಿ. ಇಟ್ರ ಕೀವು ಎಲುಬಿಗೆ ಹತ್ತತದ" ಎಂದರು ಡಾಕ್ಟರಮ್ಮ. ಅವರ ಮುಖ ನೋಡಲಾಗುತ್ತಿರಲಿಲ್ಲ.

ನಾನು ಕೇಳಿದೆ, "ಅವತ್ತು ಗೈಡ್ ಸರಿಯಾಗಿ ಕೂತಿದ್ರೆ ಹೀಗಾಗ್ತಿತ್ತಾ ಮೇಡಂ?"

ಅವರು ಎಕ್ಸ್‌ರೇಯನ್ನು ಬೆಳಕಿನಿಂದ ಇಳಿಸಿ ಮೇಜಿನ ಮೇಲಿಟ್ಟರು. "ಕೂತಿದ್ರೂ ಆಗಬಹುದಿತ್ತು. ಕೀವು ಯಾರಿಗರೇ ಆಗಬಹುದು. ಕೂತಿದ್ರ ಆಗ್ತಿದ್ದಿಲ್ಲೋ ಏನೋ. ನನಗ ಗೊತ್ತಿಲ್ಲ. ಖರೇನ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಆ ಮಾತಿನೊಳಗೇ ನಾನು ಆಮೇಲಿನ ದಿನಗಳನ್ನು ಕಳೆಯುತ್ತಿದ್ದೇನೆ. ನಿನ್ನದೇ ತಪ್ಪು ಎಂದು ಯಾರಾದರೂ ಹೇಳಿದರೆ ಒಪ್ಪಿಕೊಂಡು ಬಿದ್ದಿರಬಹುದು. ಅಲ್ಲ ಎಂದರೆ ಏಳಬಹುದು. ಎರಡೂ ಇಲ್ಲ.

ಕೀಲನ್ನು ತೆಗೆದರು. ಅದರ ಜಾಗದಲ್ಲಿ ಏನನ್ನೂ ಇಡುವಂತಿರಲಿಲ್ಲ. ಗದ್ದ ಮತ್ತೆ ಎಡಕ್ಕೆ ಸರಿಯಿತು. ಮಲಗಿದರೆ ಉಸಿರು ನಿಲ್ಲುವುದೂ ಮತ್ತೆ ಶುರುವಾಗಿ, ರಾತ್ರಿ ಮೂಗಿಗೆ ಗಾಳಿ ಊದುವ ಮಷೀನೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟರು. ಒಳಗೆಲ್ಲ ಗಾಯದ ಗಂಟು ಕಟ್ಟಿ, ಎಷ್ಟು ವ್ಯಾಯಾಮ ಮಾಡಿದರೂ ಬಾಯಿ ದಿನದಿನಕ್ಕೆ ಕಿರಿದಾಯಿತು. ಎರಡು ಬೆರಳು ಒಂದಾಯಿತು, ಆಮೇಲೆ ಅದೂ ಕಷ್ಟವಾಯಿತು. ಮಿಕ್ಸಿಯಲ್ಲಿ ಮತ್ತೆ ಅನ್ನ ಅರೆಯುವ ಸದ್ದು ಕೇಳಿದ ದಿನ ನಾನು ಶೆಡ್ಡಿನಿಂದ ಊಟಕ್ಕೆ ಹೋಗಲಿಲ್ಲ.

ವರ್ಷ ಕಳೆದ ಮೇಲೆ ಡಾಕ್ಟರಮ್ಮನೇ ಫೋನ್ ಮಾಡಿದರು. ಕೀವು ಪೂರ್ತಿ ಹೋಗಿದೆ, ಹೊಸ ಸ್ಕ್ಯಾನ್ ಮಾಡಿ ಹೊಸ ಗೈಡ್ ಮಾಡಿಸಿ ಇನ್ನೊಮ್ಮೆ ನೋಡಬಹುದು, ಈ ಸಲ ಅಳತೆ ತೆಗೆದ ಆರು ವಾರದೊಳಗೇ ಮಾಡೋಣ ಎಂದರು. ಉಸಿರಿಗಾಗಿಯಾದರೂ ಮಾಡಿಸಬೇಕು ಎಂದರು. ನಾನು ಮಗಳಿಗೆ ಹೇಳಿದೆ. ಅವಳಿಗೆ ಆಗ ಹತ್ತೊಂಬತ್ತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

"ನಾ ಬರೂದಿಲ್ಲ" ಎಂದಳು.

"ಹಾಗೆ ಹೇಳಿದ್ರೆ ಆಗ್ತದಾ ಮಗಾ? ಉಸಿರಿಂದು ಎಂತ ಮಾಡೂದು?"

"ಮಷೀನ್ ಕೊಟ್ಟೀರಲ್ಲ, ಹಾಕ್ಕಂಡು ಮಲಗ್ತೆ." ಬಕೀಟಿನಿಂದ ಮತ್ತೊಂದು ಬಟ್ಟೆ ಎತ್ತಿ ಹಿಂಡಿದಳು. "ಅಷ್ಟೆಲ್ಲ ಅಳತೆ ಮಾಡಿ, ನನ್ನ ದವಡೆನೇ ಮಾಡಿ ಕೈಯಾಗೆ ಕೊಟ್ಟಿದ್ರು. ಅದು ಎಂತಕ್ಕೆ ನಿಲ್ಲಲಿಲ್ಲ ಅಪ್ಪಾ? ನಂಗೆ ಅದೇ ಅರ್ಥ ಆಗೂದಿಲ್ಲ."

ಹೇಳಿಬಿಟ್ಟೆ. ಎರಡು ಸ್ಕ್ಯಾನು, ಉಗುರಿನಷ್ಟು ಬೆಳೆದ ಎಲುಬು, ಮೂರು ತಿಂಗಳ ಮಾತು, ಮನ್ಮನೆಯ ಬಾಗಿಲು, ಎಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು, ಆದರೂ ನಿಲ್ಲಿಸಲಿಲ್ಲ. ಮಾತು ಮುಗಿದಾಗ ಮಗಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ಸೋರುತ್ತಿತ್ತು.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ಅವತ್ತು ನಾ ಎಲ್ಲಿದ್ದೆ?" ಎಂದು ಕೇಳಿದಳು.

"ವಾರ್ಡಲ್ಲಿ."

"ಎಚ್ಚರ ಇದ್ದೆ?"

"ಹೌದು."

"ನಂಗೊಂದು ಮಾತು ಕೇಳ್ಬೌದಿತ್ತು."

ಅಷ್ಟೇ ಅಂದಳು. ಬಟ್ಟೆಯನ್ನು ಕೊಡವಿ ತಂತಿಯ ಮೇಲೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಖಾಲಿ ಬಕೀಟು ತೆಗೆದುಕೊಂಡು ಒಳಗೆ ಹೋದಳು. ಹೆಂಡತಿ ಅವಳಿಗೆ ದಾರಿ ಬಿಟ್ಟು ನಿಂತಳು. ನನ್ನ ಕಡೆ ನೋಡಲಿಲ್ಲ. ಆವತ್ತಿನಿಂದ ಮನೆಯಲ್ಲಿ ಜಗಳವೇನೂ ಆಗಿಲ್ಲ. ಮಗಳು ನನ್ನ ಎದುರು ಊಟ ಮಾಡುವುದಿಲ್ಲ, ನಾನು ಶೆಡ್ಡಿಗೆ ಹೋದ ಮೇಲೆ ಮಾಡುತ್ತಾಳೆ. ಮಾತಾಡಿಸಿದರೆ ಮಾತಾಡುತ್ತಾಳೆ.

ಹೋದ ತಿಂಗಳು ಅವಳಿಗೆ ಹಿಂದಿನ ದವಡೆ ಹಲ್ಲು ನೋವು ಬಂತು. ಮೂರು ದಿನ ಲವಂಗದ ಎಣ್ಣೆ ಹಚ್ಚಿದ ಬಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದು ಕೂತಳು. ನಾಲ್ಕನೆಯ ದಿನ ತಾನಾಗಿಯೇ "ಶಿರಸಿಗೆ ಹೋಗ್ವ ಅಪ್ಪಾ" ಎಂದಳು. ಹಲ್ಲಿನ ಡಾಕ್ಟರು ಸಣ್ಣ ಕನ್ನಡಿ ತೂರಿಸಲು ನೋಡಿದರು, ಬೆರಳು ತೂರಿಸಲು ನೋಡಿದರು. ಆ ಹಲ್ಲನ್ನು ಅವರಿಗೆ ನೋಡಲೂ ಆಗಲಿಲ್ಲ, ಇನ್ನು ಕೀಳುವ ಮಾತೆಲ್ಲಿ. ನೋವಿನ ಮಾತ್ರೆ ಬರೆದುಕೊಟ್ಟು, "ಬಾಯಿ ತೆರೆಸಿಕೊಂಡು ಬನ್ನಿ" ಎಂದರು. ಪಾಪ, ಅವರು ಇನ್ನೇನು ಹೇಳಿಯಾರು?

ಮಧ್ಯಾಹ್ನದ ಬಸ್ಸಿನಲ್ಲಿ ತಿರುಗಿ ಬಂದೆವು. ಜನ ಕಡಿಮೆ ಇದ್ದರು. ಮಾತ್ರೆಯ ಅಮಲಿಗೋ ಏನೋ, ಅವಳು ಕಿಟಕಿಗೆ ತಲೆ ಆನಿಸಿ ಸುಮ್ಮನಾದಳು. ಬಲಗಣ್ಣು ಮುಚ್ಚಿತ್ತು. ಎಡಗಣ್ಣು ಎಂದಿನಂತೆ ಅರ್ಧ ತೆರೆದೇ ಇತ್ತು, ಬಿಳಿಗುಡ್ಡೆ ಕಾಣುತ್ತಿತ್ತು. ನಿದ್ದೆ ಬಂದಿದೆಯೋ, ನನ್ನನ್ನು ನೋಡುತ್ತಿದ್ದಾಳೋ ತಿಳಿಯಲಿಲ್ಲ. "ಮಗಾ" ಎಂದು ಮೆಲ್ಲಗೆ ಕರೆದೆ. ಇನ್ನೊಮ್ಮೆ ಕರೆಯಲು ಧೈರ್ಯ ಸಾಲದೆ, ಸಿದ್ದಾಪುರ ಬರುವವರೆಗೂ ಅವಳ ಉಸಿರನ್ನೇ ಕೇಳುತ್ತ ಕೂತಿದ್ದೆ.